ಹಳೆಯ ತುರ್ಕಿ ಕತ್ತಿಯ ಮೂಲ ಪತ್ತೆ ಮಾಡುವುದು ಹೇಗೆ? ದುರಸ್ತಿಗೆ ಕೈ ಹಾಕುವ ಮುಂಚಿನ ಕೆಲಸ

ಮೊದಲ ತುರ್ಕಿ ಕತ್ತಿ ಕೈಗೆ ಬಂದ ದಿನ ನಾನು ಎಮರಿ ಪೇಪರ್ ಹಿಡಿದು ಕೂತೆ. ಅಲಗಿನ ಮೇಲೆ, ಹಿಡಿಯ ಹತ್ತಿರ, ಅಂಗೈಯಗಲ ಕಂದು ತುಕ್ಕು ಕೂತಿತ್ತು. ಹತ್ತು ನಿಮಿಷ ಉಜ್ಜಿದೆ. ಉಕ್ಕು ಬೆಳ್ಳಗೆ ಹೊಳೆಯಿತು, ಖುಷಿಯಾಯಿತು. ಆಮೇಲೆ ಪೇಪರನ್ನು ಕಿಟಕಿಯ ಬೆಳಕಿಗೆ ಹಿಡಿದರೆ ಕಂದು ಪುಡಿಯ ನಡುವೆ ಹಳದಿ ಮಿನುಗು. ಅದು ಚಿನ್ನ. ತುಕ್ಕಿನ ಅಡಿಯಲ್ಲಿ ಚಿನ್ನದಲ್ಲಿ ಬರೆದ ಒಂದು ಸಾಲಿತ್ತು. ಅದು ಮಾಡಿದವನ ಹೆಸರೋ, ಕಟ್ಟಿಕೊಂಡವನ ಹೆಸರೋ, ಇಸವಿಯೋ, ಇನ್ನು ಯಾರಿಗೂ ಗೊತ್ತಾಗುವುದಿಲ್ಲ.

ಅವತ್ತಿನಿಂದ ನನ್ನದು ಒಂದೇ ನಿಯಮ. ಮೊದಲು ಮೂಲ, ಆಮೇಲೆ ದುರಸ್ತಿ. ಕತ್ತಿ ಎಲ್ಲಿಯದು, ಯಾವ ಕಾಲದ್ದು, ಯಾವ ಭಾಗ ಯಾವಾಗ ಸೇರಿತು ಎಂದು ತಿಳಿದರೆ ಮಾತ್ರ ಯಾವುದನ್ನು ಮುಟ್ಟಬಹುದು, ಯಾವುದನ್ನು ಮುಟ್ಟಲೇಬಾರದು ಎಂದು ತಿಳಿಯುತ್ತದೆ. ತುರ್ಕಿ ಕತ್ತಿಗಳ ವಿಷಯದಲ್ಲಿ ಇದು ಇನ್ನೂ ಜಾಸ್ತಿ ನಿಜ. ಯಾಕೆಂದರೆ ಒಂದೇ ಕತ್ತಿಗೆ ಮೂರು ಜಾತಕ ಇರುತ್ತವೆ. ಅಲಗಿಗೆ ಒಂದು, ಹಿಡಿಗೆ ಒಂದು, ಒರೆಗೆ ಇನ್ನೊಂದು. ಇರಾನಿನ ಅಲಗಿಗೆ ಇಸ್ತಾಂಬುಲ್‌ನಲ್ಲಿ ಹಿಡಿ ಹಾಕಿಸಿ, ನೂರು ವರ್ಷದ ನಂತರ ಬಾಲ್ಕನ್ ಊರೊಂದರಲ್ಲಿ ಒರೆ ಮಾಡಿಸಿದ್ದರೆ ಅದರಲ್ಲಿ ಅಚ್ಚರಿಯೇನೂ ಇಲ್ಲ. ಒಳ್ಳೆಯ ಅಲಗನ್ನು ಯಾರೂ ಎಸೆಯುತ್ತಿರಲಿಲ್ಲ.

ಹೆಜ್ಜೆ 1: ನೋಡಿ, ಅಳೆಯಿರಿ, ಬರೆದಿಡಿ

ಬರಿಗೈಯಲ್ಲಿ ಮುಟ್ಟಬೇಡಿ. ಬೆವರಿನ ಉಪ್ಪು ಉಕ್ಕಿನ ಮೇಲೆ ಬೆರಳಚ್ಚಿನ ಆಕಾರದಲ್ಲೇ ತುಕ್ಕು ಹಿಡಿಸುತ್ತದೆ. ಮೆಡಿಕಲ್ ಶಾಪಿನಲ್ಲಿ ಸಿಗುವ ನೈಟ್ರೈಲ್ ಕೈಗವಸು ಸಾಕು.

ಒರೆಯಿಂದ ಕತ್ತಿ ಹಿರಿಯುವಾಗ ಒರೆಯನ್ನು ಮುಷ್ಟಿಯಲ್ಲಿ ಸುತ್ತಿ ಹಿಡಿಯಬೇಡಿ. ಒಳಗಿನ ಮರ ಹಳೆಯದು, ಬಾಯಿಯ ಕಡೆ ಬಿರುಕು ಬಿಟ್ಟಿರಬಹುದು. ಅಲಗು ಅಲ್ಲಿಂದ ಹೊರಗೆ ಬಂದು ಬೆರಳು ಸೀಳಿದ್ದನ್ನು ಕಂಡಿದ್ದೇನೆ. ಬೆನ್ನಿನ ಕಡೆಯಿಂದ ಹಿಡಿದು ನಿಧಾನವಾಗಿ ಎಳೆಯಿರಿ. ತುಕ್ಕಿನಿಂದ ಸಿಕ್ಕಿಕೊಂಡಿದ್ದರೆ ಬಲ ಹಾಕಬೇಡಿ, ಅಲ್ಲಿಗೇ ಬಿಡಿ.

ಈಗ ಫೋಟೋ. ಎರಡೂ ಮುಖ, ಬೆನ್ನು, ಮೊನೆ, ಹಿಡಿಯ ಎಲ್ಲ ಪಕ್ಕ, ಒರೆಯ ಹೊಲಿಗೆ. ಆಮೇಲೆ ಕೋಣೆ ಕತ್ತಲು ಮಾಡಿ ಮೊಬೈಲ್ ಟಾರ್ಚನ್ನು ಅಲಗಿನ ಪಕ್ಕದಲ್ಲಿ ಮಲಗಿಸಿದಂತೆ ಹಿಡಿದು ಮತ್ತೊಮ್ಮೆ ತೆಗೆಯಿರಿ. ಮೇಲಿಂದ ಬಿದ್ದ ಬೆಳಕಿನಲ್ಲಿ ಬರೀ ತುಕ್ಕಾಗಿ ಕಂಡದ್ದು ಓರೆ ಬೆಳಕಿನಲ್ಲಿ ಅಕ್ಷರವಾಗಿ ಏಳುತ್ತದೆ. ನನ್ನ ಆ ಒಂದು ಸಾಲು ಉಳಿಯಲು ಇಷ್ಟೇ ಸಾಕಿತ್ತು.

ಅಳತೆಗೆ ದರ್ಜಿಯ ಟೇಪು, ಒಂದು ಎಳೆ ನೂಲು, ಒಂದು ವರ್ನಿಯರ್ ಕ್ಯಾಲಿಪರ್ ಬೇಕು. ಹಿಡಿಯ ಅಡ್ಡಪಟ್ಟಿಯಿಂದ ಮೊನೆಯವರೆಗೆ ನೂಲನ್ನು ನೇರವಾಗಿ ಎಳೆದರೆ ಅಲಗಿನ ಉದ್ದ ಸಿಗುತ್ತದೆ. ಆ ನೂಲಿನಿಂದ ಬೆನ್ನು ಎಲ್ಲಿ ಅತಿ ದೂರ ಇದೆಯೋ ಅದು ಬಾಗಿನ ಆಳ. ಬುಡದಲ್ಲಿ, ನಡುವಿನಲ್ಲಿ, ಮೊನೆಯ ಹತ್ತಿರ ಅಗಲ ಮತ್ತು ದಪ್ಪ ತೆಗೆದುಕೊಳ್ಳಿ. ತೂಕ ಬರೆಯಿರಿ. ಬೆರಳ ಮೇಲೆ ಎಲ್ಲಿ ಸಮನಾಗಿ ನಿಲ್ಲುತ್ತದೋ ಆ ಜಾಗವನ್ನೂ ಬರೆಯಿರಿ. ದಪ್ಪದ ಅಳತೆಯನ್ನು ಜನ ಬಿಟ್ಟುಬಿಡುತ್ತಾರೆ, ಬಿಡಬೇಡಿ. ಹೊಡೆದಾಟಕ್ಕೆಂದೇ ಮಾಡಿದ ಅಲಗು ಬುಡದಿಂದ ಮೊನೆಗೆ ಹೋಗುತ್ತಾ ಹದವಾಗಿ ತೆಳ್ಳಗಾಗುತ್ತದೆ. ಗೋಡೆಗೆ ನೇತುಹಾಕಲು ತಗಡು ಕತ್ತರಿಸಿ ಮಾಡಿದ್ದು ಉದ್ದಕ್ಕೂ ಒಂದೇ ದಪ್ಪ ಇರುತ್ತದೆ.

ಹೆಜ್ಜೆ 2: ಆಕಾರ ಗುರುತಿಸಿ

ತುರ್ಕಿ ಭಾಷೆಯಲ್ಲಿ ಕತ್ತಿಗೆ ಕಿಲಿಚ್ ಎನ್ನುತ್ತಾರೆ. ಸಂಗ್ರಹಕಾರರು ಕಿಲಿಚ್ ಎಂದಾಗ ಮನಸ್ಸಿನಲ್ಲಿರುವುದು ಬಾಗಿದ ಅಲಗು, ಮತ್ತು ಮೊನೆಯ ಕಡೆಯ ಭಾಗದಲ್ಲಿ ಇದ್ದಕ್ಕಿದ್ದಂತೆ ಅಗಲವಾಗುವ ಬೆನ್ನು. ಆ ಅಗಲ ಭಾಗಕ್ಕೆ ಯಲ್ಮಾನ್ ಎಂದು ಹೆಸರು. ಅದರ ಬೆನ್ನಿಗೂ ಹರಿತ ಕೊಟ್ಟಿರುತ್ತಾರೆ. ಹೊಡೆತಕ್ಕೆ ಮೊನೆಯಲ್ಲಿ ಭಾರ ಸಿಗಲಿ ಎಂದು ಈ ಏರ್ಪಾಡು.

18ನೇ ಶತಮಾನದ ಕೊನೆಗೆ ಇದೇ ಕತ್ತಿ ಗಿಡ್ಡವಾಗಿ, ಅಗಲವಾಗಿ, ಬಾಗು ಜಾಸ್ತಿಯಾಗಿ ಪಾಲಾ ಆಯಿತು. ಪಾಲಾದ ಬೆನ್ನನ್ನು ಅಡ್ಡ ಕೊಯ್ದು ನೋಡಿದರೆ ಇಂಗ್ಲಿಷಿನ ಟಿ ಅಕ್ಷರದ ಹಾಗೆ ಕಾಣುತ್ತದೆ. ತೆಳ್ಳಗಿನ ಅಲಗಿಗೆ ಬೆನ್ನಿನಲ್ಲಿ ದಪ್ಪ ಪಟ್ಟಿ. ಬೆರಳಿನಿಂದ ಬೆನ್ನು ಸವರಿದರೆ ಎರಡೂ ಕಡೆ ಚಾಚಿದ ಅಂಚು ಸಿಗುತ್ತದೆ. ಸಿಕ್ಕರೆ ಅದು 18ನೇ ಶತಮಾನದ ಕೊನೆ ಅಥವಾ 19ನೇ ಶತಮಾನದ್ದು ಎಂಬ ಊಹೆಯಿಂದ ಶುರು ಮಾಡಬಹುದು.

ಬುಡದಿಂದ ಮೊನೆಗೆ ಒಂದೇ ಸಮನೆ ಕಿರಿದಾಗುತ್ತಾ, ತುಂಬಾ ಬಾಗಿ, ಯಲ್ಮಾನ್ ಇಲ್ಲದೆ ಇದ್ದರೆ ಅದು ಶಂಶೀರ್. ಇರಾನಿನ ಮಾದರಿ. ತುರ್ಕಿ ಸಾಮ್ರಾಜ್ಯವನ್ನು ಆಳಿದ ಆಟೋಮನ್ನರು ಈ ಅಲಗುಗಳನ್ನು ತುಂಬಾ ಇಷ್ಟಪಟ್ಟು ತಮ್ಮ ಹಿಡಿ ಹಾಕಿಸಿಕೊಳ್ಳುತ್ತಿದ್ದರು.

ಯಾತಗಾನ್ ಬೇರೆಯದೇ ಜಾತಿ. ಇದರ ಅಲಗು ಮುಂದಕ್ಕೆ, ಅಂದರೆ ಹರಿತದ ಅಂಚಿನ ಕಡೆಗೆ ಬಾಗಿ, ಮೊನೆಯಲ್ಲಿ ಮತ್ತೆ ನೆಟ್ಟಗಾಗುತ್ತದೆ. ಅಡ್ಡಪಟ್ಟಿ ಇರುವುದಿಲ್ಲ. ಹಿಡಿಯ ತುದಿಯಲ್ಲಿ ಎರಡು ದೊಡ್ಡ ಕಿವಿಗಳು. ಸೊಂಟದ ವಸ್ತ್ರಕ್ಕೆ ಮುಂದುಗಡೆ ಸಿಕ್ಕಿಸಿಕೊಳ್ಳುತ್ತಿದ್ದರು. ಇದರಲ್ಲಿ ಅತ್ಯಂತ ಹೆಸರಾದದ್ದು ಸುಲ್ತಾನ್ ಸುಲೇಮಾನನಿಗಾಗಿ ಅಹ್ಮದ್ ತೆಕೆಲು ಮಾಡಿದ್ದು. ಇಸ್ಲಾಮಿ ಪಂಚಾಂಗದ ಹಿಜರಿ 933, ಅಂದರೆ 1526-27ರ ಇಸವಿ ಅದರ ಮೇಲಿದೆ. ಈಗ ಇಸ್ತಾಂಬುಲ್‌ನ ತೋಪ್‌ಕಾಪಿ ಅರಮನೆಯಲ್ಲಿದೆ. ಅದೇ ಕೈಚಳಕದ ಇನ್ನೊಂದು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿದೆ. ಆದರೆ ನಿಮ್ಮ ಕೈಗೆ ಬರುವ ಯಾತಗಾನ್ ಹೆಚ್ಚುಕಮ್ಮಿ 18 ಅಥವಾ 19ನೇ ಶತಮಾನದ್ದೇ ಆಗಿರುತ್ತದೆ.

ಎರಡು ಮೋಸದ ಆಕಾರಗಳ ಬಗ್ಗೆ ಇಲ್ಲೇ ಹೇಳಿಬಿಡುತ್ತೇನೆ. ನೆಪೋಲಿಯನ್ 1798ರಲ್ಲಿ ಈಜಿಪ್ಟಿಗೆ ಹೋದ ಮೇಲೆ ಯುರೋಪಿನ ಸೇನಾಧಿಕಾರಿಗಳಿಗೆ ಅಲ್ಲಿನ ಕುದುರೆ ಸವಾರ ಯೋಧರಾದ ಮಾಮ್ಲೂಕರ ಕತ್ತಿಯ ಹುಚ್ಚು ಹತ್ತಿತು. ಬ್ರಿಟನ್ 1831ರಲ್ಲಿ ತನ್ನ ಜನರಲ್‌ಗಳಿಗೆ ಇದೇ ಮಾದರಿಯನ್ನು ಅಧಿಕೃತ ಮಾಡಿತು. ಹಿಡಿ ತುರ್ಕಿಯದರಂತೆಯೇ ಕಾಣುತ್ತದೆ, ಆದರೆ ಅಲಗಿನ ಬುಡದಲ್ಲಿ ಯುರೋಪಿನ ಕಾರ್ಖಾನೆಯ ಮುದ್ರೆ ಇರುತ್ತದೆ. ಇನ್ನೊಂದು, 1866ರ ಫ್ರೆಂಚ್ ಶಾಸ್ಪೋ ಬಂದೂಕಿನ ಬಯೊನೆಟ್. ಅಲಗು ಯಾತಗಾನ್ ಆಕಾರದ್ದು, ಹಿಡಿ ಹಿತ್ತಾಳೆಯದು. ಇದನ್ನು ತುರ್ಕಿ ಕತ್ತಿ ಎಂದು ಮಾರುವವರು ಎಲ್ಲ ಕಡೆ ಇದ್ದಾರೆ. ಅಡ್ಡಪಟ್ಟಿಯಲ್ಲಿ ಬಂದೂಕಿನ ನಳಿಗೆ ತೂರಿಸುವ ಉಂಗುರ ಇದೆಯಾ ನೋಡಿ, ಅಷ್ಟೇ.

ಹೆಜ್ಜೆ 3: ಉಕ್ಕನ್ನು ಓದಿ

ಇಲ್ಲಿ ಕನ್ನಡದವರಿಗೆ ಒಂದು ನಂಟಿದೆ. ಹಳೆಯ ಕತ್ತಿಗಳ ಬಗ್ಗೆ ಓದುವಾಗ ವೂಟ್ಸ್ ಎಂಬ ಪದ ಹೆಜ್ಜೆಹೆಜ್ಜೆಗೂ ಸಿಗುತ್ತದೆ. ಅದು ನಮ್ಮ ‘ಉಕ್ಕು’ ಪದದಿಂದ ಬಂದದ್ದು ಎಂಬುದು ಹೆಚ್ಚು ಜನ ಒಪ್ಪಿರುವ ಮಾತು. 1790ರ ದಶಕದಲ್ಲಿ ಭಾರತದಿಂದ ಲಂಡನ್ನಿಗೆ ಹೋದ ಉಕ್ಕಿನ ತುಂಡುಗಳ ಜೊತೆ ಈ ಪದವೂ ಹೋಯಿತು. ಕಬ್ಬಿಣದ ಚೂರುಗಳನ್ನು ತಂಗಡಿ ಕಟ್ಟಿಗೆಯ ಚೂರು ಮತ್ತು ಹಸಿರೆಲೆಯ ಜೊತೆ ಮಣ್ಣಿನ ಮೂಸೆಯಲ್ಲಿ ಮುಚ್ಚಿ, ಕುಲುಮೆಯಲ್ಲಿ ಗಂಟೆಗಟ್ಟಲೆ ಕಾಯಿಸಿ ತೆಗೆದ ಗಟ್ಟಿ ಇದು. 1800-01ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕನನ್ ಈ ಕೆಲಸವನ್ನು ಕಣ್ಣಾರೆ ಕಂಡು ಬರೆದಿದ್ದಾನೆ. ಗೋಲ್ಕೊಂಡದ ಕಡೆಯ ಉಕ್ಕು ಇರಾನಿಗೆ ಹೋಗಿ ಅಲ್ಲಿ ಕತ್ತಿಯಾಗುತ್ತಿತ್ತು ಎಂದು 17ನೇ ಶತಮಾನದ ಪ್ರವಾಸಿ ಟವೆರ್ನಿಯೆ ಹೇಳುತ್ತಾನೆ. ಅಂಥ ಇರಾನಿ ಅಲಗು ಇಸ್ತಾಂಬುಲ್ ಸೇರಿ ತುರ್ಕಿ ಹಿಡಿ ಹಾಕಿಸಿಕೊಳ್ಳುತ್ತಿತ್ತು. ಹಾಗಾಗಿ ನಿಮ್ಮ ಮುಂದಿರುವ ತುರ್ಕಿ ಕತ್ತಿಯ ಉಕ್ಕು ದಕ್ಕನ್ನಿನದೇ ಆಗಿರಬಹುದು.

ಈ ಉಕ್ಕಿನಲ್ಲಿ ಇಂಗಾಲ ಶೇ 1.5ರ ಆಸುಪಾಸು ಇರುತ್ತದೆ. ಹದವಾದ ಕಾವಿನಲ್ಲಿ ಬಡಿದಾಗ ಗಟ್ಟಿಯಾದ ಕಣಗಳು ಸಾಲುಸಾಲಾಗಿ ಕೂತು, ಹರಿಯುವ ನೀರಿನ ಹಾಗೆ ನೆರಿಗೆ ಬೀಳುತ್ತವೆ. ಕೆಲವು ಅಲಗುಗಳಲ್ಲಿ ಈ ನೆರಿಗೆಗೆ ಅಡ್ಡವಾಗಿ ಏಣಿಯ ಮೆಟ್ಟಿಲಿನಂಥ ಪಟ್ಟಿಗಳೂ ಬರುತ್ತವೆ. ಅದಕ್ಕೆ ನಲವತ್ತು ಮೆಟ್ಟಿಲು ಎಂಬ ಅರ್ಥದ ಹೆಸರಿದೆ.

ಎರಡನೇ ಬಗೆ ಬೆಸುಗೆಯದು. ಕಬ್ಬಿಣ ಮತ್ತು ಉಕ್ಕಿನ ಕಂಬಿಗಳನ್ನು ಹಗ್ಗದ ಹಾಗೆ ಹುರಿದು, ಪಕ್ಕಪಕ್ಕದಲ್ಲಿಟ್ಟು ಬಡಿದು ಕೂಡಿಸಿದ್ದು. ಇದರಲ್ಲಿ ಅಲಗಿನ ಉದ್ದಕ್ಕೂ ಸುರುಳಿಗಳ ಸಾಲು ಕಾಣುತ್ತದೆ. ಇದಕ್ಕೆ ತುರ್ಕಿ ರಿಬ್ಬನ್ ಎನ್ನುತ್ತಾರೆ. ಯಾವ ನೆರಿಗೆಯೂ ಇಲ್ಲದ ಸಾದಾ ಉಕ್ಕಿನ ಕಿಲಿಚ್‌ಗಳೂ ಬೇಕಾದಷ್ಟಿವೆ. ಸಾದಾ ಎಂದರೆ ಕಳಪೆ ಅಂತಲ್ಲ.

ನೆರಿಗೆ ಇದೆಯಾ ಎಂದು ನೋಡಲು ಆಸಿಡ್ ಹಾಕಬೇಡಿ. ಅಕ್ಕಸಾಲಿಗರು ಕಣ್ಣಿಗೆ ಸಿಕ್ಕಿಸಿಕೊಳ್ಳುವ 10 ಪಟ್ಟಿನ ಲೂಪ್ ತೆಗೆದುಕೊಂಡು, ಅಡ್ಡಪಟ್ಟಿಯಿಂದ ಕೆಳಗೆ ಇಳಿದಿರುವ ನಾಲಿಗೆಯಂಥ ಪಟ್ಟಿಯ ಮರೆಯಲ್ಲಿ ನೋಡಿ. ಗಾಳಿ, ಕೈ, ಪಾಲಿಶ್ ಯಾವುದೂ ತಾಗದ ಜಾಗ ಅದು. ಅಲ್ಲಿ ನೆರಿಗೆ ಮಸುಕಾಗಿಯಾದರೂ ಉಳಿದಿರುತ್ತದೆ.

ನಕಲಿಯನ್ನು ಹಿಡಿಯಲು ಒಂದು ಒಳ್ಳೆಯ ಉಪಾಯ ಇದೆ. ನಿಜವಾದ ನೆರಿಗೆ ಉಕ್ಕಿನ ಮೈಯೊಳಗೇ ಇರುತ್ತದೆ. ಹಲಸಿನ ಮರದ ಹಲಗೆಯನ್ನು ಗೀರಿದರೆ ಎಳೆಗಳ ಆಕಾರ ಹೇಗೆ ಬದಲಾಗುತ್ತದೋ, ಹಾಗೆ ಅಲಗಿನ ಗೀರುಗಾಲುವೆಯಲ್ಲಿ (ಉದ್ದಕ್ಕೆ ಕೊರೆದ ತೋಡು) ಮತ್ತು ಹರಿತದ ಅಂಚಿನ ಇಳಿಜಾರಿನಲ್ಲಿ ನೆರಿಗೆಯ ಆಕಾರವೂ ಬದಲಾಗಬೇಕು. ಆಸಿಡ್‌ನಿಂದ ಮೇಲ್ಮೈಗೆ ಬರೆದ ನಕಲಿ ನೆರಿಗೆ ಗೀರಿನ ಮೇಲೂ ಇಳಿಜಾರಿನ ಮೇಲೂ ಒಂದೇ ಥರ ಹಾದುಹೋಗುತ್ತದೆ.

ಹೆಜ್ಜೆ 4: ಬರಹ

ಸಮಯ ಕೊಡಬೇಕಾದದ್ದು ಇಲ್ಲಿ. ಆಟೋಮನ್ ಕಾಲದ ಬರಹ ಹೆಚ್ಚಾಗಿ ಅರಬ್ಬಿ ಲಿಪಿಯಲ್ಲಿದೆ. ತುರ್ಕಿ 1928ರಲ್ಲಿ ಲ್ಯಾಟಿನ್ ಲಿಪಿಗೆ ಬದಲಾಯಿತು. ಹಾಗಾಗಿ ಲ್ಯಾಟಿನ್ ಅಕ್ಷರದಲ್ಲಿ ತುರ್ಕಿ ಭಾಷೆ ಕೆತ್ತಿದ್ದರೆ ಆ ಕೆತ್ತನೆ ಅದಕ್ಕಿಂತ ಹಳೆಯದಾಗಿರುವುದು ಕಷ್ಟ.

ಲಿಪಿ ಬರದಿದ್ದರೂ ಅಂಕಿಗಳನ್ನು ಒಂದು ಸಂಜೆಯಲ್ಲಿ ಕಲಿಯಬಹುದು. 1 ನೆಟ್ಟಗಿನ ಗೆರೆ. 2ಕ್ಕೆ ಗೆರೆಯ ತಲೆಯಲ್ಲಿ ಒಂದು ಕೊಕ್ಕೆ, 3ಕ್ಕೆ ಎರಡು. 4 ನಾವು ಬರೆಯುವ 3ನ್ನು ಕನ್ನಡಿಯಲ್ಲಿ ನೋಡಿದಂತೆ. 5 ನಮ್ಮ ಸೊನ್ನೆಯ ಹಾಗೆ ದುಂಡಗೆ. 6 ನೋಡಲು ನಮ್ಮ 7. 7 ಮೇಲೆ ಬಾಯಿ ತೆರೆದ ಕವೆ, 8 ಅದನ್ನೇ ಬೋರಲು ಹಾಕಿದ್ದು. 9 ಹೆಚ್ಚುಕಮ್ಮಿ ನಮ್ಮ 9. ಸೊನ್ನೆ ಒಂದು ಚುಕ್ಕೆ ಮಾತ್ರ. ಸೊನ್ನೆ ಕಂಡಲ್ಲಿ 5 ಎಂದು ಓದುವುದನ್ನು ಕೈಗೆ ರೂಢಿ ಮಾಡಿಕೊಳ್ಳಿ, ಎಲ್ಲರೂ ಮೊದಲು ತಪ್ಪುವುದು ಅಲ್ಲೇ.

ಅಕ್ಷರಗಳು ಬಲದಿಂದ ಎಡಕ್ಕೆ ಹೋದರೂ ಅಂಕಿಗಳನ್ನು ಎಡದಿಂದಲೇ ಓದಬೇಕು. (ನಮ್ಮ ಟಿಪ್ಪು ಮಾತ್ರ ತಾನೇ ತಂದ ಮೌಲೂದಿ ಎಂಬ ಇಸವಿಯ ನಾಣ್ಯಗಳಲ್ಲಿ ಅಂಕಿಗಳನ್ನೂ ಬಲದಿಂದ ಎಡಕ್ಕೆ ಹಾಕಿಸಿದ. ಶ್ರೀರಂಗಪಟ್ಟಣದ ನಾಣ್ಯ ನೋಡಿ ಅಭ್ಯಾಸ ಇರುವವರು ಇದನ್ನು ನೆನಪಿಡಿ.)

ಒಂದು ಯಾತಗಾನ್ ಮೇಲೆ 1223 ಎಂದು ಇದೆ ಅಂದುಕೊಳ್ಳಿ. ಇದು ಹಿಜರಿ ಇಸವಿ. ಚಾಂದ್ರಮಾನ ವರ್ಷ ಗಿಡ್ಡ, 33 ವರ್ಷಕ್ಕೆ ಒಂದು ವರ್ಷ ಮುಂದೆ ಹೋಗಿಬಿಡುತ್ತದೆ. ಹಾಗಾಗಿ 1223ನ್ನು 33ರಿಂದ ಭಾಗಿಸಿ, 37 ಬರುತ್ತದೆ. ಅದನ್ನು ಕಳೆದರೆ 1186. ಅದಕ್ಕೆ 622 ಕೂಡಿಸಿದರೆ 1808. ಕೆಲವೊಮ್ಮೆ ಸಾವಿರದ 1 ಬಿಟ್ಟು 223 ಎಂದಷ್ಟೇ ಬರೆದಿರುತ್ತಾರೆ. ಅದನ್ನು ಕಂಡು ಕತ್ತಿ ಒಂಬತ್ತನೇ ಶತಮಾನದ್ದು ಎಂದು ಹಿಗ್ಗಬೇಡಿ. ಇನ್ನು 1840ರ ನಂತರದ ಸರಕಾರಿ ವಸ್ತುಗಳಲ್ಲಿ ರೂಮಿ ಎಂಬ ಸೌರಮಾನದ ಇಸವಿಯೂ ಬರುತ್ತದೆ. ಅದಕ್ಕೆ 584 ಕೂಡಿಸಿದರೆ ಸಾಕು.

ಯಾತಗಾನ್‌ಗಳ ಬರಹಕ್ಕೆ ಒಂದು ಕಟ್ಟಿದೆ. ‘ಅಮೆಲ್-ಇ’ ಎಂದರೆ ಇಂಥವನ ಕೆಲಸ, ಮುಂದೆ ಮಾಡಿದವನ ಹೆಸರು. ‘ಸಾಹಿಬ್’ ಎಂದರೆ ಒಡೆಯ, ಮುಂದೆ ಅವನ ಹೆಸರು. ‘ಸೆನೆ’ ಎಂದರೆ ವರ್ಷ, ಪಕ್ಕದಲ್ಲಿ ಅಂಕಿ. ಈ ಮೂರು ಪದದ ಆಕಾರ ಕಣ್ಣಿಗೆ ಕೂತರೆ ಅರ್ಧ ಕೆಲಸ ಮುಗಿಯಿತು. ಸುಲ್ತಾನ್ ಎರಡನೇ ಮಹಮೂದ್ 1826ರಲ್ಲಿ ಸುಲ್ತಾನರ ಕಾಲಾಳು ಪಡೆಯಾಗಿದ್ದ ಜಾನಿಸರಿ ಪಡೆಯನ್ನೇ ರದ್ದು ಮಾಡಿದ. ಜಾನಿಸರಿ ತುಕಡಿಯ ಗುರುತು ಇರುವ ಅಲಗು ಸಿಕ್ಕಿ, ಆ ಗುರುತು ಅಸಲಿಯಾಗಿದ್ದರೆ, ಅದು 1826ಕ್ಕಿಂತ ಈಚಿನದ್ದಾಗಿರಲಾರದು.

ಕಿಲಿಚ್ ಮೇಲೆ ಜಾಸ್ತಿ ಸಿಗುವುದು ಕುರಾನಿನ ಸಾಲುಗಳು. ಗೆಲುವು ಹತ್ತಿರವಿದೆ ಎಂಬ ಅರ್ಥದ 61ನೇ ಅಧ್ಯಾಯದ 13ನೇ ಸಾಲು ತುಂಬಾ ಕಡೆ ಇದೆ. ನನಗೆ ಪ್ರೀತಿಯ ಇನ್ನೊಂದು ಬರಹ ಇದೆ. ಎಫೆಸಸ್‌ನ ಗುಹೆಯಲ್ಲಿ ನೂರಾರು ವರ್ಷ ಮಲಗಿ ಎದ್ದರು ಎನ್ನುವ ಕತೆಯ ಏಳು ಜನರ ಹೆಸರುಗಳು. ಯೆಮ್ಲಿಹಾ, ಮೆಕ್ಸೆಲಿನಾ ಎಂದು ಶುರುವಾಗಿ, ಕೊನೆಗೆ ಅವರನ್ನು ಕಾಯುತ್ತಾ ಕೂತ ನಾಯಿ ಕಿತ್ಮೀರ್‌ನ ಹೆಸರೂ ಬರುತ್ತದೆ. ಕಾಪಾಡಲಿ ಎಂದು ಬರೆಸಿಕೊಳ್ಳುತ್ತಿದ್ದರು. ಕತ್ತಿ ಹಿಡಿದು ಹೋದವನ ಭಯವೂ ಅಲ್ಲಿ ಓದಿಗೆ ಸಿಗುತ್ತದೆ.

ನಾಲ್ಕು ಮನೆಯ ಪುಟ್ಟ ಚೌಕ ಕಂಡರೆ ಅದನ್ನು ಇಸವಿ ಎಂದು ಓದಬೇಡಿ. ಅದು ಬುದೂಹ್ ಎಂಬ ತಾಯತ. ಅದರ ನಾಲ್ಕು ಅಕ್ಷರಗಳ ಬೆಲೆ 2, 4, 6, 8. ಕೆಲವು ಕಡೆ ಅಂಕಿಗಳನ್ನೇ ಬರೆದಿರುತ್ತಾರೆ.

ಮುಂದಿನದು ತುಘ್ರಾ, ಸುಲ್ತಾನನ ಮುದ್ರೆ. ಮೇಲಕ್ಕೆ ಮೂರು ಉದ್ದ ಗೆರೆ, ಎಡಕ್ಕೆ ಮೊಟ್ಟೆಯಾಕಾರದ ಎರಡು ಸುತ್ತು, ಬಲಕ್ಕೆ ಚಾಚಿದ ಬಾಲ. ಹಿಡಿಯ ಮತ್ತು ಒರೆಯ ಬೆಳ್ಳಿ ಪಟ್ಟಿಗಳ ಮೇಲೆ ಅಕ್ಕಿ ಕಾಳಿನಷ್ಟು ಚಿಕ್ಕದಾಗಿ ಒತ್ತಿರುತ್ತಾರೆ. ಪಕ್ಕದಲ್ಲಿ ‘ಸಹ್’ ಎಂಬ ಚಿಕ್ಕ ಮುದ್ರೆಯೂ ಇರಬಹುದು, ಬೆಳ್ಳಿ ಸರಿಯಾಗಿದೆ ಎಂದು ಅದರ ಅರ್ಥ. ತುಘ್ರಾದೊಳಗೆ ಸುಲ್ತಾನನ ಹೆಸರು, ತಂದೆಯ ಹೆಸರು ಎರಡೂ ಇರುತ್ತವೆ. ಬಲ ಮೇಲ್ಮೂಲೆಯಲ್ಲಿ ‘ಅದ್ಲಿ’ ಎಂಬ ಪದ ಬೇರೆಯಾಗಿ ಇದ್ದರೆ ಎರಡನೇ ಮಹಮೂದ್, ಅಂದರೆ 1808ರಿಂದ 1839. ಅದೇ ಜಾಗದಲ್ಲಿ ‘ಎಲ್-ಗಾಜಿ’ ಇದ್ದರೆ ಹೆಚ್ಚಾಗಿ ಎರಡನೇ ಅಬ್ದುಲ್ ಹಮೀದ್, 1876ರಿಂದ 1909. ಆದರೆ ಇದು ಬೆಳ್ಳಿಗೆ ಸಿಕ್ಕ ಇಸವಿ, ಅಲಗಿಗಲ್ಲ. ಮೂರು ಜಾತಕದ ಮಾತು ಮರೆಯಬೇಡಿ.

ಹೆಸರನ್ನು ನಂಬುವ ಮುಂಚೆ ಇನ್ನೆರಡು ಎಚ್ಚರ. ಇಸ್ಫಹಾನಿನ ಅಸದುಲ್ಲಾ ಎಂಬ ಹೆಸರು ಶಂಶೀರ್ ಅಲಗುಗಳ ಮೇಲೆ ಎಷ್ಟು ಕಡೆ ಇದೆ ಎಂದರೆ, ಅಷ್ಟನ್ನೂ ಒಬ್ಬನೇ ಒಂದು ಜನ್ಮದಲ್ಲಿ ಮಾಡಲು ಸಾಧ್ಯವೇ ಇಲ್ಲ. ಬರಬರುತ್ತಾ ಅದು ಒಳ್ಳೆಯ ಮಾಲು ಎನ್ನುವ ಗುರುತಾಯಿತು. ಇನ್ನೊಂದು, ‘ಕಾಯಿ’ ಎಂಬ ಬುಡಕಟ್ಟಿನ ಗುರುತು. ನೆಟ್ಟಗಿನ ಎರಡು ಗೆರೆ, ನಡುವೆ ಕವಲೊಡೆದ ಕಡ್ಡಿ. ಆಟೋಮನ್ನರ ಮೂಲ ಬುಡಕಟ್ಟಿನ ಈ ಗುರುತನ್ನು ಅರಮನೆಯ ಆಯುಧ ಉಗ್ರಾಣದ ಸಾಮಾನಿಗೆ ಒತ್ತುತ್ತಿದ್ದರು. ಇಸ್ತಾಂಬುಲ್‌ನ ಅಯಾ ಇರಿನಿ, ಹಿಂದೆ ಚರ್ಚ್ ಆಗಿದ್ದ ಕಟ್ಟಡ, ಆ ಉಗ್ರಾಣವಾಗಿತ್ತು. 1517ರಲ್ಲಿ ಈಜಿಪ್ಟ್ ಗೆದ್ದಾಗ ಮಾಮ್ಲೂಕರ ಆಯುಧಗಳೂ ಇಸ್ತಾಂಬುಲ್ ಸೇರಿದವು. ಅವಕ್ಕೂ ಇದೇ ಗುರುತು ಬಿತ್ತು. ಗುರುತು ಹೇಳುವುದು ಕತ್ತಿ ಎಲ್ಲಿತ್ತು ಎಂದು. ಎಲ್ಲಿ ಹುಟ್ಟಿತು ಎಂದಲ್ಲ.

ಹೆಜ್ಜೆ 5: ಹಿಡಿ ಮತ್ತು ಒರೆ

18ನೇ ಶತಮಾನದಲ್ಲಿ ಪಿಸ್ತೂಲಿನ ಹಿಡಿಯಂತೆ ಬಾಗಿ ತುದಿಯಲ್ಲಿ ಉಬ್ಬಿದ ಹಿಡಿ ಬಳಕೆಗೆ ಬಂತು. ಅಲಗು ಅದಕ್ಕಿಂತ ಹಳೆಯದೆಂದು ಕಂಡರೆ ಹಿಡಿ ಆಮೇಲೆ ಹಾಕಿಸಿದ್ದು ಎಂದು ತಿಳಿಯಿರಿ.

ಹಿಡಿಯ ಹೋಳುಗಳು ಯಾವುದರಿಂದ ಮಾಡಿದ್ದು ಎಂದು ಲೂಪಿನಲ್ಲಿ ನೋಡಿ. ಆನೆಯ ದಂತವಾದರೆ ಕೊಯ್ದ ತುದಿಯಲ್ಲಿ ಒಂದನ್ನೊಂದು ಕತ್ತರಿಸುವ ಸಣ್ಣ ಗೆರೆಗಳ ಬಲೆ ಇರುತ್ತದೆ. ವಾಲ್ರಸ್ ದಂತದ ಒಳಭಾಗ ಅಕ್ಕಿ ನುಚ್ಚನ್ನು ಅಂಟಿಸಿದಂತೆ. ಮೂಳೆಯಲ್ಲಿ ಸೂಜಿ ಚುಚ್ಚಿದಂಥ ಕಪ್ಪು ಚುಕ್ಕಿಗಳು. ಕೊಂಬು ಪದರಪದರವಾಗಿ ಏಳುತ್ತದೆ. ಕಾದ ಸೂಜಿ ಚುಚ್ಚಿ ವಾಸನೆ ನೋಡುವ ಹಳೆಯ ಪದ್ಧತಿ ಬೇಡವೇ ಬೇಡ, ಆ ತೂತು ಯಾವತ್ತೂ ಹೋಗುವುದಿಲ್ಲ. ನೋಟು ಪರೀಕ್ಷಿಸುವ ನೇರಳೆ ದೀಪ ಹಿಡಿದರೆ ಹಳೆಯ ದುರಸ್ತಿಯ ಅಂಟು ಬೇರೆ ಬಣ್ಣದಲ್ಲಿ ಹೊಳೆಯುತ್ತದೆ.

ಒರೆಯಲ್ಲಿ ನೋಡಬೇಕಾದದ್ದು ಅದು ಈ ಅಲಗಿನದೇನಾ ಎಂಬುದು. ಯಲ್ಮಾನ್ ದೊಡ್ಡದಾಗಿದ್ದರೆ ಅಲಗು ಒರೆಯ ಕಿರಿದಾದ ಬಾಯಿಯಲ್ಲಿ ತೂರುವುದಿಲ್ಲ. ಅದಕ್ಕೇ ಒರೆಯ ಬೆನ್ನಿನ ಮೇಲ್ಭಾಗವನ್ನು ಸೀಳಿಬಿಟ್ಟಿರುತ್ತಾರೆ. ಸೀಳಿಲ್ಲದ ಒರೆಯಲ್ಲಿ ಅಗಲ ಯಲ್ಮಾನ್ ಇರುವ ಅಲಗು ಸಡಿಲವಾಗಿ ಓಡಾಡುತ್ತಿದ್ದರೆ ಎರಡಕ್ಕೂ ಸಂಬಂಧವಿಲ್ಲ.

ಹೆಜ್ಜೆ 6: ಹೋಲಿಸಿ, ಕಾಗದ ಹುಡುಕಿ

ಈಗ ನಿಮ್ಮ ಅಳತೆ ಮತ್ತು ಫೋಟೋ ಹಿಡಿದು ಮ್ಯೂಸಿಯಂಗಳ ಜಾಲತಾಣಕ್ಕೆ ಹೋಗಿ. ಮೆಟ್ರೊಪಾಲಿಟನ್ ಮ್ಯೂಸಿಯಂ 2017ರಿಂದ ತನ್ನ ಲಕ್ಷಾಂತರ ಚಿತ್ರಗಳನ್ನು ಎಲ್ಲರಿಗೂ ಬಿಟ್ಟಿಯಾಗಿ ತೆರೆದಿಟ್ಟಿದೆ, ಅಳತೆ ತೂಕ ಸಮೇತ. ಲಂಡನ್ನಿನ ವಾಲೇಸ್ ಕಲೆಕ್ಷನ್, ಡ್ರೆಸ್ಡೆನ್‌ನ ತುರ್ಕಿ ಕೋಣೆ, ಇಸ್ತಾಂಬುಲ್‌ನ ಹಾರ್ಬಿಯೆಯ ಸೇನಾ ಮ್ಯೂಸಿಯಂ ಇವೆಲ್ಲ ನೋಡಲೇಬೇಕಾದವು.

ನಾನು ಮೊದಲು ತೆರೆಯುವುದು ಜರ್ಮನಿಯ ಕಾರ್ಲ್ಸ್‌ರೂಹೆಯ ಸಂಗ್ರಹ. 1683ರಲ್ಲಿ ತುರ್ಕರು ವಿಯೆನ್ನಾ ಮುತ್ತಿಗೆಯಲ್ಲಿ ಸೋತ ಮೇಲಿನ ಯುದ್ಧಗಳಲ್ಲಿ ಬಾಡೆನ್ನಿನ ಲುಡ್ವಿಗ್ ವಿಲ್ಹೆಲ್ಮ್ ತಂದ ಲೂಟಿ ಅಲ್ಲಿದೆ. ಅಲ್ಲಿರುವ ಕತ್ತಿ ಯಾವ ವರ್ಷಕ್ಕಿಂತ ಈಚಿನದ್ದಲ್ಲ ಎಂದು ಯುದ್ಧವೇ ಹೇಳುತ್ತದೆ. ಮಾರಾಟಗಾರರ ‘17ನೇ ಶತಮಾನ’ ಎಂಬ ಚೀಟಿಗಿಂತ ಅದು ಗಟ್ಟಿ ಆಧಾರ. ನಿಮ್ಮ ಕತ್ತಿಯ ಹಿಡಿ ಅಲ್ಲಿನ ಯಾವುದಕ್ಕೂ ಹೋಲದಿದ್ದರೆ ಆ ಚೀಟಿಯನ್ನು ಅನುಮಾನಿಸಿ.

ಕತೆಗಳ ಬಗ್ಗೆ ಎಚ್ಚರ. ನಮ್ಮ ಕಡೆ ಬಾಗಿದ ಕತ್ತಿ ಕಂಡರೆ ಸಾಕು, ಟಿಪ್ಪುವಿನದು ಎನ್ನುತ್ತಾರೆ. ತುರ್ಕಿ ಹಿಡಿ ಇದ್ದರಂತೂ ಸುಲ್ತಾನ ಕಳಿಸಿದ ಉಡುಗೊರೆ ಎಂಬ ಮಾತೂ ಸೇರುತ್ತದೆ. ಟಿಪ್ಪು 1786ರಲ್ಲಿ ಗುಲಾಮ್ ಅಲಿ ಖಾನ್ ಮುಂದಾಳತ್ವದಲ್ಲಿ ಇಸ್ತಾಂಬುಲ್‌ಗೆ ರಾಯಭಾರ ಕಳಿಸಿದ್ದು ನಿಜ. ಆದರೆ ರಾಯಭಾರ ಹೋದದ್ದು ನಿಮ್ಮ ಕತ್ತಿಗೆ ಪುರಾವೆ ಆಗುವುದಿಲ್ಲ ಅಲ್ವಾ? ಬೇಕಾಗಿರುವುದು ರಸೀದಿ, ಹಳೆಯ ಫೋಟೋ, ಉಯಿಲಿನ ಸಾಲು, ಹರಾಜಿನ ಚೀಟಿ. ಒರೆಗೆ ಅಂಟಿದ ಹಳೆಯ ಕಾಗದದ ನಂಬರನ್ನು ಕೀಳಬೇಡಿ.

ಕಾನೂನು ಕೂಡ ಇದೇ ಹಂತದಲ್ಲಿ ನೋಡಬೇಕು. ಭಾರತದಲ್ಲಿ 100 ವರ್ಷ ದಾಟಿದ ಇಂಥ ವಸ್ತು 1972ರ ಪುರಾತನ ವಸ್ತುಗಳ ಕಾಯಿದೆಗೆ ಬರುತ್ತದೆ, ಅನುಮತಿ ಇಲ್ಲದೆ ದೇಶದಿಂದ ಹೊರಗೆ ಒಯ್ಯುವಂತಿಲ್ಲ. ಕತ್ತಿಗಳು 1959ರ ಆಯುಧ ಕಾಯಿದೆಯಲ್ಲೂ ಬರುತ್ತವೆ, ನಿಮ್ಮ ಜಿಲ್ಲೆಯಲ್ಲಿ ಲೈಸೆನ್ಸ್ ಬೇಕೇ ಎಂದು ಡಿಸಿ ಕಚೇರಿಯಲ್ಲಿ ಕೇಳಿ. ದಂತದ ಹಿಡಿ ಇದ್ದರೆ ವನ್ಯಜೀವಿ ಕಾಯಿದೆ ಬೇರೆ. ತುರ್ಕಿಗೆ ಪ್ರವಾಸ ಹೋದವರು ಸಂತೆಯಲ್ಲಿ ಹಳೆಯ ಕತ್ತಿ ಕೊಂಡು ತರಬೇಡಿ. ಅಲ್ಲಿನ 1983ರ 2863ನೇ ಕಾನೂನು ಪುರಾತನ ವಸ್ತುಗಳ ಸಾಗಣೆಯ ವಿಷಯದಲ್ಲಿ ಬಹಳ ಕಟ್ಟುನಿಟ್ಟು.

ಹೆಜ್ಜೆ 7: ಈಗ ದುರಸ್ತಿಯ ತೀರ್ಮಾನ

ಮೂರು ಜಾತಕ ಸಿಕ್ಕ ಮೇಲೆ ತೀರ್ಮಾನಗಳು ತಾವಾಗಿಯೇ ಬರುತ್ತವೆ. 17ನೇ ಶತಮಾನದ ಅಲಗಿಗೆ 1820ರಲ್ಲಿ ಹಾಕಿಸಿದ ಹಿಡಿ ಇದೆಯಾ? ಹಾಗೇ ಇರಲಿ. ‘ಮೂಲಕ್ಕೆ ಮರಳಿಸುತ್ತೇನೆ’ ಎಂದು ಆ ಹಿಡಿ ಕಿತ್ತರೆ ಇನ್ನೂರು ವರ್ಷದ ಬಾಳನ್ನು ಕಿತ್ತಂತೆ. ಅದೇ ಹಿಡಿಯ ಒಂದು ಹೋಳು ಮೊನ್ನೆಮೊನ್ನೆ ಯಾರೋ ಪ್ಲಾಸ್ಟಿಕ್‌ನಲ್ಲಿ ಹಾಕಿದ್ದಾದರೆ ತೆಗೆಯಬಹುದು. ಬದಲಿಗೆ ಎಮ್ಮೆ ಕೊಂಬು ಹಾಕಿ, ಹತ್ತಿರದಿಂದ ನೋಡಿದರೆ ಹೊಸದೆಂದು ತಿಳಿಯುವಂತಿರಲಿ. ಎಪಾಕ್ಸಿ ಬೇಡ. ಬಿಸಿನೀರಿಗೆ ಬಿಡುವ ಸರೇಸು, ಅಂದರೆ ಚರ್ಮ ಮೂಳೆ ಕುದಿಸಿ ಮಾಡುವ ಅಂಟು ಹಾಕಿದರೆ ಮುಂದಿನವರು ಬಿಡಿಸಬಹುದು.

ತುಕ್ಕಿನಲ್ಲಿ ಎರಡು ಬಗೆ. ಕಿತ್ತಳೆ ಬಣ್ಣದ, ಉದುರುವ ತುಕ್ಕು ಇನ್ನೂ ತಿನ್ನುತ್ತಿದೆ, ಅದನ್ನು ನಿಲ್ಲಿಸಬೇಕು. ಗಟ್ಟಿಯಾಗಿ ಕೂತ ಕಪ್ಪುಗಂದು ಪದರ ಕಾಪಾಡುತ್ತಿದೆ, ಅದನ್ನು ಬಿಡಬೇಕು. ಕಿತ್ತಳೆ ಜಾಗಕ್ಕೆ ಒಂದು ಹನಿ ಮಿನರಲ್ ಎಣ್ಣೆ ಬಿಟ್ಟು ಒಂದು ದಿನ ನೆನೆಸಿ. ಲೂಪಿನಡಿ ಬಿದಿರು ಕಡ್ಡಿಯ ಚೂಪು ತುದಿಯಲ್ಲಿ ಮೆಲ್ಲಗೆ ಎಬ್ಬಿಸಿ. ಬರಹದ ಒಂದು ಬೆರಳು ಹತ್ತಿರಕ್ಕೂ ಕಡ್ಡಿ ಬೇಡ, ಅಲ್ಲಿಗೆ ತರಬೇತಿ ಪಡೆದ ಸಂರಕ್ಷಕರೇ ಬೇಕು. ಕೊನೆಗೆ ಸ್ಪಿರಿಟ್‌ನಿಂದ ಒರೆಸಿ, ತೆಳ್ಳಗೆ ಮೈಕ್ರೊಕ್ರಿಸ್ಟಲಿನ್ ಮೇಣ ಹಚ್ಚಿ. ಗ್ರೈಂಡರ್ ಚಕ್ರ ತಾಗಿಸಲೇಬೇಡಿ. ಅದರ ಕಾವಿಗೆ ಅಂಚಿನ ಹದ ಕೆಡುತ್ತದೆ, ಉಜ್ಜಿದರೆ ಮೇಲ್ಮೈಯ ನೆರಿಗೆ ಕಾಣದಂತಾಗುತ್ತದೆ.

ನಮ್ಮ ಮನೆಗಳ ಎರಡು ಅಭ್ಯಾಸದ ಬಗ್ಗೆ ಹೇಳಲೇಬೇಕು. ಹಿತ್ತಾಳೆಯಂತೆ ಕಾಣುವ ಅಡ್ಡಪಟ್ಟಿಯನ್ನು ಹುಣಸೆಹಣ್ಣು ಹಾಕಿ ಬೆಳಗಬೇಡಿ. ಅದು ತೋಂಬಾಕ್, ಅಂದರೆ ತಾಮ್ರಕ್ಕೆ ಪಾದರಸದಿಂದ ಚಿನ್ನ ಹಿಡಿಸಿದ್ದು ಆಗಿರಬಹುದು. ತೊಳೆದು ಉಜ್ಜಿದ ನೀರಿನಲ್ಲಿ ಚಿನ್ನ ಹೋಗುತ್ತದೆ. ಆಯುಧ ಪೂಜೆಯ ದಿನ ಅಲಗಿಗೆ ನೇರವಾಗಿ ಕುಂಕುಮ, ಅರಿಸಿನ, ಕೊಬ್ಬರಿ ಎಣ್ಣೆ ಹಚ್ಚಬೇಡಿ. ಒದ್ದೆ ಕುಂಕುಮ ಕೆತ್ತನೆಯ ಸಂದಿಯಲ್ಲಿ ಕೂತು ತುಕ್ಕು ತರುತ್ತದೆ. ಕತ್ತಿಯ ಕೆಳಗೆ ಬಟ್ಟೆ ಹಾಸಿ ಬಟ್ಟೆಗೆ ಹಚ್ಚಿ, ಪೂಜೆ ಪೂಜೆಯೇ.

ಕೆಲಸ ಮುಗಿದ ಮೇಲೆ ಒಂದು ಹಾಳೆ ಬರೆದು ಕತ್ತಿಯ ಪೆಟ್ಟಿಗೆಯಲ್ಲೇ ಇಡಿ. ಅಳತೆ, ಓದಿದ ಬರಹ, ಓದಲು ಆಗದ ಅಕ್ಷರಗಳ ಫೋಟೋ, ಯಾವ ಭಾಗ ಯಾವ ಕಾಲದ್ದು ಎಂದುಕೊಂಡಿದ್ದೀರಿ, ಯಾಕೆ, ಏನು ತೆಗೆದಿರಿ, ಏನು ಹಚ್ಚಿದಿರಿ, ತಾರೀಕು. ನನ್ನ ಆ ಮೊದಲ ಕತ್ತಿಯ ಹಾಳೆಯಲ್ಲಿ ಒಂದು ಸಾಲು ಹೀಗಿದೆ: ‘ಹಿಡಿಯಿಂದ 4 ಸೆಂ.ಮೀ. ಕೆಳಗೆ, ಬಲಮುಖದಲ್ಲಿ, ಚಿನ್ನದ ಬರಹ ಇತ್ತು. ದುರಸ್ತಿ ಮಾಡುವಾಗ ನನ್ನ ಕೈಯಿಂದ ಅಳಿಸಿಹೋಯಿತು. ಎರಡು ಗೆರೆ ಉಳಿದಿವೆ.’